ಎಷ್ಟು ಮಂದ್ಯಾಗ ಎಷ್ಟು ಮಂದಿ? ಜ್ವರದ ಸುದ್ದಿ ಬರಿಯೋವಾಗ ಇದನ್ನೂ ಕೇಳ್ರಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಿನ ಜಿಲ್ಲಾ ಪುಟದಾಗ ನಮ್ಮ ಕಡೆ ಒಂದು ಹಳ್ಳಿ ಸುದ್ದಿ ಬಂದಿತ್ತು, ಜ್ವರದಿಂದ ಇಬ್ಬರು ಸತ್ತಾರ, ಜನ ಹೆದರ್ಯಾರ, ಅಧಿಕಾರಿಗಳು ಬಂದು ನೋಡಿ ಹೋಗ್ಯಾರ, ಫಾಗಿಂಗ್ ಮಾಡಿಸ್ಯಾರ ಅಂತ. ಸುದ್ದಿ ಹಾಕಿದ್ದು ಭಾಳ ಚಲೋ ಆತು, ಹಾಕದಿದ್ರ ಆ ಊರಿನ ಕಡೆ ಯಾರೂ ಮುಖ ಮಾಡ್ತಿರ್ಲಿಲ್ಲ. ಆದ್ರ ಪೂರ್ತಿ ಓದಿದ ಮ್ಯಾಲೂ ನನಗ ಬೇಕಾದ್ದು ಅದ್ರಾಗ ಸಿಗಲಿಲ್ಲ. ಆ ಊರಾಗ ಒಟ್ಟು ಎಷ್ಟು ಮಂದಿ ಅದಾರ, ಅದ್ರಾಗ ಎಷ್ಟು ಮಂದಿಗೆ ಜ್ವರ ಬಂತು, ಎಷ್ಟು ಮಂದಿ ರಕ್ತ ತಗೊಂಡ್ರು, ಎಷ್ಟು ಪಾಸಿಟಿವ್ ಬಂತು, ಹೋದ ವರ್ಷ ಇದೇ ತಿಂಗಳದಾಗ ಎಷ್ಟಿತ್ತು, ಸತ್ತವರಿಗೆ ಇದ್ದದ್ದು ಡೆಂಗಿನೋ ಮಲೇರಿಯಾನೋ ಟೈಫಾಯಿಡೋ ಅಥವಾ ಬ್ಯಾರೇನೋ... ಒಂದೂ ಇಲ್ಲ. ಇದು ನಿಮ್ಮ ವರದಿಗಾರರ ತಪ್ಪಲ್ಲ ಬಿಡ್ರಿ, ಅವ್ರು ಕೇಳಿದ್ರೂ ಹಿಂಗಂತ ಹೇಳೋರು ಸಿಗೋದು ಕಷ್ಟ. ಕಂಪ್ಯೂಟರಿಗೆ ಡಾಟಾ ತುಂಬೋರು ಅದಾರ, ಪೋರ್ಟಲ್ ಐತಿ, ಪ್ರತಿ ವಾರ ರಿಪೋರ್ಟ್ ಮ್ಯಾಲಕ್ಕ ಹೋಗ್ತಾವ, ಆದ್ರ ಆ ಅಂಕಿ ಮುಂದ ಕುಂತು ಇದರ ಅರ್ಥ ಇದು, ಈ ವಾರ ಈ ಊರಿಗೆ ಹೋಗ್ರಿ ಅಂತ ಹೇಳೋರು ನಮ್ಮ ಜಿಲ್ಲೆಗೋಳಾಗ ಭಾಳ ಕಮ್ಮಿ. ಅಂಥಾ ಕೆಲಸ ಮಾಡೋರಿಗೆ ವೈದ್ಯಕೀಯ ಸಂಖ್ಯಾಶಾಸ್ತ್ರಜ್ಞರು ಅಂತಾರ. ಅವ್ರ ಬಗ್ಗೆ ಬರೀಬೇಕು ಅಂತ ಭಾಳ ದಿನದಿಂದ ಮನಸ್ಸಿನಾಗಿತ್ತು, ಪತ್ರ ಉದ್ದ ಆಗ್ತೈತಿ, ದಯವಿಟ್ಟು ಕತ್ತರಿಸಬ್ಯಾಡ್ರಿ.

ನಾನು ಆರೋಗ್ಯ ಇಲಾಖೆದಾಗ ಕೆಲಸ ಮಾಡಿ ರಿಟೈರ್ ಆದಾವ. ಸರ್ವೀಸಿನಾಗ ಹೆಚ್ಚಿನ ಕಾಲ ರಾಯಚೂರು ಜಿಲ್ಲೆಯ ಕಾಲುವೆ ಕಡೆ ಹಳ್ಳಿಗೋಳಾಗ ಮನಿಮನಿ ತಿರಗಿ, ಮಲೇರಿಯಾ ಐತೇನು ಅಂತ ನೋಡಾಕ ಜ್ವರ ಬಂದವರ ರಕ್ತ ತಗೊಳ್ಳೋದೇ ಕೆಲಸ. ತುಂಗಭದ್ರಾ ನೀರು ಬಂದು ಭತ್ತ ಬಂತು, ಭತ್ತದ ಜೋಡಿ ಸೊಳ್ಳಿನೂ ಬಂತು. ಬೆರಳಿಗೆ ಸ್ಪಿರಿಟ್ ಹಚ್ಚಿ ಒರಸಿ, ಸೂಜಿ ಚುಚ್ಚಿ, ಗಾಜಿನ ಸ್ಲೈಡ್ ಮ್ಯಾಲ ಒಂದು ದಪ್ಪ ಲೇಪ ಒಂದು ತೆಳು ಲೇಪ ಹಾಕಿ, ತೆಳು ಲೇಪ ಒಣಗಿದ ಮ್ಯಾಲ ಅದರ ಮ್ಯಾಲೇ ಪೆನ್ಸಿಲ್‌ಲೆ ನಂಬರ್ ಬರೀಬೇಕು, ಅದೇ ನಂಬರ್ ಫಾರಂನ್ಯಾಗ ಹೆಸರಿನ ಮುಂದ ಬರೀಬೇಕು. ಒಂದು ನಂಬರ್ ಹೆಚ್ಚುಕಮ್ಮಿ ಆದ್ರ ಒಬ್ಬರ ಜ್ವರ ಇನ್ನೊಬ್ಬರ ಹೆಸರಿಗೆ ಹೋಗ್ತೈತಿ. ಆವಾಗಿನ ರೂಲ್ ಪ್ರಕಾರ ರಿಪೋರ್ಟ್ ಬರೋತನ ಕಾಯದೇ ದೊಡ್ಡವರಿಗೆ ನಾಕು ಕ್ಲೋರೋಕ್ವಿನ್ ಗುಳಿಗಿ ನುಂಗಿಸಿ ಮುಂದಿನ ಮನಿಗೆ ಹೋಗೋದು.

ಈ ಕೆಲಸ ಮಾಡಿದವರಿಗೆಲ್ಲ ಒಂದು ಮಾತು ಗೊತ್ತಿರ್ತೈತಿ. ಎಷ್ಟು ಮಂದಿಗೆ ರೋಗ ಬಂತು ಅನ್ನೋ ಮ್ಯಾಲಿನ ಅಂಕಿ ಹೆಂಗೋ ಸಿಗ್ತೈತಿ, ಎಷ್ಟು ಮಂದ್ಯಾಗ ಬಂತು ಅನ್ನೋ ಕೆಳಗಿನ ಅಂಕಿ ಸಿಗೋದೇ ಕಷ್ಟ. ಮಲೇರಿಯಾ ಲೆಕ್ಕ ಅಂದ್ರ ವರ್ಷಕ್ಕ ಸಾವಿರ ಮಂದಿಗೆ ಎಷ್ಟು ಕೇಸ್ ಅಂತ ಹಾಕ್ತಾರ. ಆದ್ರ ನಮ್ಮ ದೇವದುರ್ಗ, ಮಸ್ಕಿ, ಲಿಂಗಸುಗೂರು ಕಡೆ ಹಳ್ಳಿಗೋಳು ತಾಂಡಾಗೋಳು ಸುಗ್ಗಿ ಮುಗೀತಂದ್ರ ಅರ್ಧ ಖಾಲಿ, ಗಂಡ ಹೆಂಡ್ತಿ ಕೂಡಿ ಬೆಂಗಳೂರು, ಪುಣೆ, ಹೈದ್ರಾಬಾದ್ ಅಂತ ಗುಳೆ ಹೋಗಿರ್ತಾರ, ಮನ್ಯಾಗ ಉಳದವ್ರು ಮುದುಕರು ಸಣ್ಣ ಹುಡುಗರು. ರಿಜಿಸ್ಟರಿನ್ಯಾಗ ಮಾತ್ರ ಎರಡು ಸಾವಿರ ಜನಸಂಖ್ಯೆ ಅಂತ ಇರ್ತೈತಿ, ಭಾಗಿಸೋದು ಆ ಎರಡು ಸಾವಿರಲೇ. ಊರಾಗ ನಿಜವಾಗಿ ಇದ್ದವ್ರು ಸಾವಿರ ಮಂದಿ ಆಗಿದ್ರ ರೋಗದ ಪ್ರಮಾಣ ಕಾಗದದ ಮ್ಯಾಲ ಅರ್ಧಕ್ಕ ಇಳದು ಕಾಣ್ತೈತಿ, ಮ್ಯಾಲಿನವ್ರು ಅದನ್ನ ನೋಡಿ ಈ ಊರಾಗ ತೊಂದ್ರಿ ಇಲ್ಲ ಅಂತ ತಿಳ್ಕೋತಾರ. ಇನ್ನ ಬೆಂಗಳೂರಿನ ಯಾವುದೋ ಬಿಲ್ಡಿಂಗ್ ಕೆಲಸದ ಶೆಡ್ಡಿನ್ಯಾಗ ಜ್ವರ ಬಂದು ಮಲಗಿದ ನಮ್ಮ ಊರಿನ ಹುಡುಗನ ಲೆಕ್ಕ ಎಲ್ಲಿಗೆ ಸೇರ್ತೈತಿ, ಇಲ್ಲಿಗೂ ಇಲ್ಲ ಅಲ್ಲಿಗೂ ಇಲ್ಲ. ಗುಳೆ ಹೋಗೋ ಸೀಮಿಗೆ ಲೆಕ್ಕ ಹೆಂಗ ಹಾಕಬೇಕು ಅಂತ ಹೇಳಾಕ ಬರೇ ಡಾಕ್ಟರ್ ಸಾಲೋದಿಲ್ಲ, ಅದನ್ನ ಕಲ್ತವ್ರು ಬೇಕು.

ಜನ ಕೇಳಬಹುದು, ಲೆಕ್ಕ ಹಾಕೋದ್ರಿಂದ ಯಾರ ಜೀವ ಉಳಿತೈತಿ ಅಂತ. ಉಳದಾವ್ರಿ, ಲಕ್ಷಗಟ್ಲೆ ಉಳದಾವ. ಬ್ರಾಡ್‌ಫರ್ಡ್ ಹಿಲ್ ಅಂತ ಇಂಗ್ಲೆಂಡಿನವ್ರು, ಡಾಕ್ಟರ್ ಆಗೋ ಆಸೆ ಇತ್ತು, ಮೊದಲನೇ ಮಹಾಯುದ್ಧದ ಟೈಮಿನ್ಯಾಗ ಸೇವೆದಾಗಿದ್ದಾಗ ಟಿಬಿ ಬಂದು ಆ ಆಸೆ ಬಿಡಬೇಕಾತು, ಆಮ್ಯಾಲ ಸಂಖ್ಯಾಶಾಸ್ತ್ರದ ಕಡೆ ಬಂದ್ರು. ಟಿಬಿಗೆ ಸ್ಟ್ರೆಪ್ಟೊಮೈಸಿನ್ ಅನ್ನೋ ಔಷಧ ಹೊಸದಾಗಿ ಬಂದಿತ್ತು, ಎಲ್ಲಾರಿಗೂ ಕೊಡೋವಷ್ಟು ಇರಲಿಲ್ಲ. ಯಾರಿಗೆ ಔಷಧ ಯಾರಿಗೆ ಇಲ್ಲ ಅನ್ನೋದನ್ನ ಡಾಕ್ಟರ್ ಮನಸ್ಸಿಗೆ ಬಿಡದೇ ಮುಚ್ಚಿದ ಕವರ್‌ನ್ಯಾಗ ಚೀಟಿ ಇಟ್ಟು ಲಾಟರಿ ಹಂಗ ಹಂಚಿದ್ರು. 1948ರಾಗ ರಿಸಲ್ಟ್ ಪ್ರಕಟ ಆತು, ಔಷಧ ಸಿಕ್ಕ 55 ಮಂದ್ಯಾಗ ಆರು ತಿಂಗಳಿಗೆ ಸತ್ತವ್ರು 4, ಬರೇ ಹಾಸಿಗಿ ಮ್ಯಾಲ ವಿಶ್ರಾಂತಿ ತಗೊಂಡ 52 ಮಂದ್ಯಾಗ ಸತ್ತವ್ರು 14. ಚೀಟಿ ಯಾಕ ಎತ್ತಬೇಕಂದ್ರ, ಡಾಕ್ಟರಿಗೆ ಬಿಟ್ರ ಬದುಕೋ ಲಕ್ಷಣ ಇದ್ದವರಿಗೇ ಔಷಧ ಕೊಟ್ಟುಬಿಡ್ತಾರ, ಆಮ್ಯಾಲ ಉಳಿಸಿದ್ದು ಔಷಧನೋ ಅವರ ಶಕ್ತಿನೋ ಅಂತ ಗೊತ್ತೇ ಆಗೋದಿಲ್ಲ. ಮುಂದ ಒಂದೇ ಔಷಧ ಕೊಟ್ರ ಟಿಬಿ ರೋಗಾಣು ಅದಕ್ಕ ಒಗ್ಗಿಕೊಳ್ತೈತಿ ಅನ್ನೋದೂ ಇದೇ ಪೇಷಂಟ್‌ಗಳನ್ನ ಬಿಡದೇ ಹಿಂದ ಬಿದ್ದು ನೋಡಿದ್ದರಿಂದ ತಿಳೀತು. ಇವತ್ತು ನಮ್ಮ ಆಶಾ ಅಕ್ಕಾರು ಟಿಬಿ ಪೇಷಂಟಿಗೆ ಮೂರ್ನಾಕು ನಮೂನಿ ಔಷಧ ಸೇರಿದ ಗುಳಿಗಿ ಕೊಡ್ತಾರಲ್ಲ, ಅದರ ಬೇರು ಅಲ್ಲಿ ಐತಿ.

ಇಂಗ್ಲೆಂಡ್ ದೂರ ಆತು ಅನ್ನೋದಾದ್ರ ಮದ್ರಾಸಿಗೆ ಬರ್ರಿ. 1956ರಾಗ ಅಲ್ಲಿ ಟಿಬಿ ಸಂಶೋಧನೆ ಕೇಂದ್ರ ಶುರು ಆತು, ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಾಕೂ ಕೂಡಿ ಮಾಡಿದ್ದು. ಆವಾಗ ಟಿಬಿ ಅಂದ್ರ ಸ್ಯಾನಟೋರಿಯಂ ಅನ್ನೋ ಟಿಬಿ ದವಾಖಾನಿಗೆ ಹಾಕಬೇಕು, ಚಲೋ ಊಟ, ಗಾಳಿ, ವರ್ಷಗಟ್ಲೆ ವಿಶ್ರಾಂತಿ ಅಂತ ಎಲ್ಲಾ ದೊಡ್ಡ ಡಾಕ್ಟರ್‌ಗಳ ನಂಬಿಕಿ. ಭಾರತದಾಗ ಅಷ್ಟು ಹಾಸಿಗಿ ಎಲ್ಲಿಂದ ತರೋದು? ಅವ್ರು ಮದ್ರಾಸಿನ ಬಡವರ ಓಣಿಗೋಳಿಂದ ಬಂದ 193 ಪೇಷಂಟ್‌ಗಳನ್ನ ಚೀಟಿ ಎತ್ತಿದಂಗ ಎರಡು ಭಾಗ ಮಾಡಿ, ಅರ್ಧ ಮಂದಿಗೆ ಸ್ಯಾನಟೋರಿಯಂನ್ಯಾಗ, ಅರ್ಧ ಮಂದಿಗೆ ಅವರ ಸಣ್ಣ ಮನ್ಯಾಗೇ, ಒಂದು ವರ್ಷ ಅದೇ ಗುಳಿಗಿ ಕೊಟ್ಟು ನೋಡಿದ್ರು. 1959ರಾಗ ವರದಿ ಬಂತು, ಮನ್ಯಾಗ ಇದ್ದು ಔಷಧ ತಗೊಂಡವ್ರೂ ಹೆಚ್ಚುಕಮ್ಮಿ ಅಷ್ಟೇ ಚಲೋ ಗುಣ ಆಗಿದ್ರು, ಅವರ ಊಟ ಸ್ಯಾನಟೋರಿಯಂನವರಿಗಿಂತ ಕಡಿಮಿ ಇದ್ರೂ. ಮನಿಮಂದಿಗೆ ಅದರಿಂದ ರೋಗ ಹೆಚ್ಚು ಅಂಟಿದ್ದೂ ಕಾಣಲಿಲ್ಲ, ಅದನ್ನೂ ವರ್ಷಗಟ್ಲೆ ಹಿಂದ ಬಿದ್ದು ನೋಡ್ಯಾರ. ಬರೇ 193 ಮಂದಿ ಲೆಕ್ಕ ಸರಿಯಾಗಿ ಇಟ್ಟಿದ್ದಕ್ಕ ಜಗತ್ತಿನ ಬಡ ದೇಶಗಳೆಲ್ಲ ಟಿಬಿಗೆ ಮನಿಯೊಳಗೇ ಚಿಕಿತ್ಸೆ ಅಂತ ತಿರುಗಿದ್ವು. ಅದೇ 1959ರಾಗ ಬೆಂಗಳೂರಿನ್ಯಾಗ ರಾಷ್ಟ್ರೀಯ ಕ್ಷಯರೋಗ ಸಂಸ್ಥೆನೂ ಶುರು ಆತು, ಜಿಲ್ಲಾ ಮಟ್ಟದಾಗ ಟಿಬಿ ಕಾರ್ಯಕ್ರಮ ಹೆಂಗ ನಡಸಬೇಕು ಅನ್ನೋ ಪದ್ಧತಿ ಅಲ್ಲಿಂದನೇ ಬಂದದ್ದು. ಇದು ನಮ್ಮ ಶಾಲಿ ಪುಸ್ತಕದಾಗ ಇರಬೇಕು ಅನ್ನಿಸ್ತೈತಿ ನನಗ.

ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಬಲು ಮುಖ್ಯ. ಜ್ವರ ಬಂತಂದ್ರ ಸಲಾಯಿನ್ ಹಚ್ರಿ ಅಂತ ಪೇಷಂಟ್‌ಗಳೇ ಕೇಳ್ತಾರ, ಬಾಟ್ಲಿ ಹಚ್ಚದ ಡಾಕ್ಟರ್ ಡಾಕ್ಟರೇ ಅಲ್ಲ ಅನ್ನೋ ಭಾವನೆ. ಆಫ್ರಿಕಾದಾಗ ಉಗಾಂಡಾ, ಕೀನ್ಯಾ, ತಾಂಜಾನಿಯಾ ಮೂರು ದೇಶದಾಗ ತೀವ್ರ ಜ್ವರ ಬಂದು ಶಾಕ್‌ಗೆ (ಮೈಗೆಲ್ಲ ರಕ್ತ ಸರಿಯಾಗಿ ಹರೀದಂಥ ಸ್ಥಿತಿಗೆ) ಹೋಗ್ತಿರೋ ಸಣ್ಣ ಮಕ್ಕಳಿಗೆ ಸಲಾಯಿನ್ ಜೋರಾಗಿ ಒಮ್ಮೆಲೇ ಬಿಡೋದು ಚಲೋನೋ ಅಲ್ಲೋ ಅಂತ ಒಂದು ಟ್ರಯಲ್, ಅಂದ್ರ ಚಿಕಿತ್ಸೆ ಪರೀಕ್ಷೆ, ಮಾಡಿದ್ರು, ಫೀಸ್ಟ್ ಟ್ರಯಲ್ ಅಂತ ಹೆಸರು, 2011ರಾಗ ಪ್ರಕಟ ಆತು. ಅಮೆರಿಕ, ಯೂರೋಪಿನ ಪುಸ್ತಕದಾಗ ಜೋರಾಗಿ ಬಿಡಬೇಕು ಅಂತನೇ ಇತ್ತು, ಎಲ್ಲಾರೂ ಅದೇ ಸರಿ ಅನ್ಕೊಂಡಿದ್ರು. 3141 ಮಕ್ಕಳು ಸೇರಿದ್ರು, ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮಲೇರಿಯಾ ಇತ್ತು. ಎರಡು ದಿನದಾಗ ಸತ್ತವರ ಲೆಕ್ಕ ನೋಡಿದ್ರ, ಜೋರಾಗಿ ದ್ರವ ಬಿಟ್ಟ ಗುಂಪಿನ್ಯಾಗ ನೂರಕ್ಕ ಹತ್ತೂವರೆ, ಹಂಗ ಬಿಡದ ಗುಂಪಿನ್ಯಾಗ ನೂರಕ್ಕ 7.3. ಪುಸ್ತಕ ಹೇಳಿದ್ದಕ್ಕ ಪೂರ್ತಿ ಉಲ್ಟಾ. ಟ್ರಯಲ್ ನಡದಾಗಲೇ ನಡುನಡುವೆ ಲೆಕ್ಕ ನೋಡ್ತಿದ್ದ ಸ್ವತಂತ್ರ ಸಮಿತಿ ಇನ್ನ ಮಕ್ಕಳನ್ನ ಸೇರಿಸಬ್ಯಾಡ್ರಿ ಅಂತ ನಿಲ್ಲಿಸ್ತು. ಬಡವರ ಮ್ಯಾಲ ಪ್ರಯೋಗ ಮಾಡ್ತಾರ ಅಂತ ನಮ್ಮ ಜನಕ್ಕ ಸಿಟ್ಟು ಬರೋದು ಸಹಜ, ಸಿಟ್ಟು ಇರಬೇಕು ಕೂಡ, ಆದ್ರ ಲೆಕ್ಕ ಇಡದೇ ಅದೇ ಚಿಕಿತ್ಸೆ ದಿನಾ ನಡಸೋದೂ ಪ್ರಯೋಗನೇ, ಅಲ್ಲಿ ನಿಲ್ಲಿಸ್ರಿ ಅನ್ನೋರು ಯಾರೂ ಇರೋದಿಲ್ಲ ಅಷ್ಟೇ.

ಇದನ್ನ ಓದಿ ಯಾರೂ ದವಾಖಾನ್ಯಾಗ ಸಲಾಯಿನ್ ಬ್ಯಾಡ ಅಂತ ಹಠ ಹಿಡೀಬ್ಯಾಡ್ರಿ. ಆ ಟ್ರಯಲ್‌ನ್ಯಾಗ ವಾಂತಿಭೇದಿ ಮಕ್ಕಳನ್ನ ಸೇರಿಸಿರ್ಲಿಲ್ಲ. ವಾಂತಿಭೇದಿಗೆ ನೀರೇ ಜೀವ. 1971ರಾಗ ಬಾಂಗ್ಲಾ ಯುದ್ಧದ ಟೈಮಿನ್ಯಾಗ ಪಶ್ಚಿಮ ಬಂಗಾಳದ ಬಂಗಾಂವ್ ನಿರಾಶ್ರಿತರ ಕ್ಯಾಂಪಿನ್ಯಾಗ ಕಾಲರಾ ಬಂದು ಜನ ನೆಲದ ಮ್ಯಾಲ ಸಾಯ್ತಿದ್ರು, ಸಲಾಯಿನ್ ಬಾಟ್ಲಿ ಮುಗದು ಹೋಗ್ಯಾವ, ದಿಲೀಪ್ ಮಹಲನಾಬಿಸ್ ಡಾಕ್ಟರು ಉಪ್ಪು ಗ್ಲೂಕೋಸ್ ಅಡಿಗಿ ಸೋಡಾ ಕಲಸಿದ ನೀರನ್ನ ಡ್ರಮ್ಮಿನ್ಯಾಗ ಮಾಡಿ ಪೇಷಂಟ್‌ಗಳ ಮನಿಯವರ ಕೈಲೇ ಕುಡಿಸಿದ್ರು. ನೂರಕ್ಕ ಮೂವತ್ತು ಸಾಯ್ತಿದ್ದದ್ದು 3.6ಕ್ಕ ಇಳೀತು. ಅಂಥಾ ಗದ್ದಲದಾಗ ಅವ್ರು ಲೆಕ್ಕ ಬರದಿಟ್ಟಿದ್ರು ಅನ್ನೋದನ್ನ ಗಮನಿಸ್ರಿ, ಬರದಿಡದಿದ್ರ ಆಮ್ಯಾಲ ಯಾರೂ ನಂಬ್ತಿರ್ಲಿಲ್ಲ. ಓಆರ್‌ಎಸ್ ಪಾಕೀಟು ನಮ್ಮ ಅಂಗನವಾಡಿಗೆ ಬಂದದ್ದು ಹಂಗ. 2022ರಾಗ ಅವ್ರು ತೀರಿಕೊಂಡ್ರು, ಪದ್ಮವಿಭೂಷಣ ಆಮ್ಯಾಲ ಬಂತು.

ಈಗ ನಮ್ಮ ಮನಿ ಬಾಗಿಲಿಗೆ ಬರೋಣು. 2022ರಾಗ ರಾಯಚೂರು ನಗರದಾಗ ಕೆಟ್ಟ ನೀರು ಕುಡದು ಮಂದಿ ಸತ್ರು, 2023ರ ಜೂನ್‌ನ್ಯಾಗ ಕೊಪ್ಪಳ ಜಿಲ್ಲೆಯ ಬಸರಿಹಾಳ, ಬಿಜಕಲ್ ಕಡೆ ವಾಂತಿಭೇದಿ ಬಂತು. ಇಂಥಾ ಟೈಮಿನ್ಯಾಗ ಲೆಕ್ಕ ಗೊತ್ತಿದ್ದವ್ರು ಬಂದ್ರ ಮೊದಲು ಮಾಡೋ ಕೆಲಸ ಒಂದೇ, ಮನಿಮನಿ ಪಟ್ಟಿ. ಯಾವ ಮನಿಯವ್ರು ಯಾವ ಟ್ಯಾಂಕಿ ನೀರು ಕುಡೀತಾರ, ಯಾವ ಬೋರ್, ಯಾವ ಆರ್‌ಓ ಪ್ಲಾಂಟು, ಒಂದೊಂದ್ರಾಗ ಕುಡದವ್ರು ಎಷ್ಟು, ಅದ್ರಾಗ ಬೇನಿ ಬಿದ್ದವ್ರು ಎಷ್ಟು. ಉದಾಹರಣೆಗೆ ಟ್ಯಾಂಕಿ ನೀರು ಕುಡದ ನೂರು ಮಂದ್ಯಾಗ ಇಪ್ಪತ್ತು ಮಂದಿಗೆ ಬಂದು, ಬೋರ್ ನೀರು ಕುಡದ ನೂರು ಮಂದ್ಯಾಗ ಇಬ್ಬರಿಗೆ ಬಂದಿದ್ರ, ಲ್ಯಾಬ್ ರಿಪೋರ್ಟ್ ಬರೋಕಿಂತ ಮೊದಲೇ ಟ್ಯಾಂಕಿ ಬಂದ್ ಮಾಡಿಸಬಹುದು. ಬೇನಿ ಬಿದ್ದವರನ್ನಷ್ಟೇ ಎಣಿಸಿದ್ರ ಇದು ತಿಳಿಯೋದಿಲ್ಲ, ಆರಾಮ ಇದ್ದವರನ್ನೂ ಕೇಳಬೇಕು. ನಮ್ಮಲ್ಲಿ ಆಗೋದು ಏನಂದ್ರ ಆರಾಮ ಇದ್ದವರ ಮನಿಗೆ ಯಾರೂ ಹೋಗೋದೇ ಇಲ್ಲ.

ಸತ್ತವರ ಲೆಕ್ಕ ಇನ್ನೂ ಕಷ್ಟ. ನಮ್ಮ ಹಳ್ಳಿಗೋಳಾಗ ಮನ್ಯಾಗ ಜೀವ ಹೋದ್ರ ರಿಜಿಸ್ಟರಿನ್ಯಾಗ ಕಾರಣ ಅಂತ ಬರಿಯೋದು ವಯಸ್ಸಾಗಿತ್ತು, ಜ್ವರ, ಹೃದಯಾಘಾತ, ಮುಗೀತು. ದೇಶದ ಲೆಕ್ಕ ತಗೊಂಡ್ರೂ 2020ರಾಗ ನೋಂದಣಿ ಆದ ಸಾವಿನ್ಯಾಗ ಡಾಕ್ಟರ್ ಕಾರಣ ಬರದು ಸರ್ಟಿಫಿಕೇಟ್ ಕೊಟ್ಟದ್ದು ನೂರಕ್ಕ 22.5 ಅಷ್ಟೇ. ಉಳದವ್ರು ಯಾವುದರಿಂದ ಸತ್ರು ಅಂತ ಸರ್ಕಾರಕ್ಕೂ ಗೊತ್ತಿಲ್ಲ. ಇದಕ್ಕ ಪ್ರಭಾತ್ ಝಾ ಅಂತ ತಜ್ಞರು ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ ಜೋಡಿ ಕೂಡಿ ಹತ್ತು ಲಕ್ಷ ಸಾವುಗಳ ಅಧ್ಯಯನ ಅಂತ ನಡಸಿದ್ರು. ದೇಶದ ತುಂಬ ಆಯ್ದ ಊರುಗೋಳಾಗ ಸತ್ತವರ ಮನಿಗೆ ಹೋಗಿ ಮನಿಯವರನ್ನ ಕುಂದರಿಸ್ಕೊಂಡು ಜ್ವರ ಎಷ್ಟು ದಿನ ಇತ್ತು, ಚಳಿ ಬರ್ತಿತ್ತೇನು, ಕಣ್ಣು ಹಳದಿ ಆಗಿದ್ವೇನು, ಕೆಮ್ಮಿದಾಗ ರಕ್ತ ಬಿತ್ತೇನು ಅಂತ ಒಂದೊಂದೇ ಕೇಳಿ ಅವರ ಮಾತಿನ್ಯಾಗೇ ಬರಕೊಂಡು, ಅದನ್ನ ಇಬ್ಬರು ಡಾಕ್ಟರ್‌ಗಳು ಬ್ಯಾರೆಬ್ಯಾರೆ ಓದಿ ಕಾರಣ ಗುರುತು ಹಾಕೋದು. 2010ರಾಗ ಮಲೇರಿಯಾ ಲೆಕ್ಕ ಬಂತು, ಎಪ್ಪತ್ತು ವರ್ಷದೊಳಗ ಮಲೇರಿಯಾದಿಂದ ವರ್ಷಕ್ಕ ಸುಮಾರು 2 ಲಕ್ಷ 5 ಸಾವಿರ ಮಂದಿ ಸಾಯ್ತಿರಬಹುದು ಅಂತ. ವಿಶ್ವ ಆರೋಗ್ಯ ಸಂಸ್ಥೆ ಆವಾಗ ಹೇಳ್ತಿದ್ದದ್ದು ಸುಮಾರು 15 ಸಾವಿರ. ದೊಡ್ಡ ವಾದ ಆತು, ಬರೇ ಲಕ್ಷಣ ಕೇಳಿ ಮಲೇರಿಯಾ ಅಂದ್ರ ಬ್ಯಾರೆ ಜ್ವರನೂ ಅದ್ರಾಗ ಸೇರ್ತಾವ ಅಂತ ಸಂಸ್ಥೆಯವ್ರು ಒಪ್ಪಲಿಲ್ಲ, ಆ ಮಾತಿನ್ಯಾಗ ಹುರುಳಿಲ್ಲ ಅನ್ನಾಕ ಬರೋದಿಲ್ಲ. ಆದ್ರ ಒಂದು ಅಂಶ ಮಾತ್ರ ನಾನು ಮರೆಯೋದಿಲ್ಲ, ಮಲೇರಿಯಾ ಅಂತ ಗುರುತಾದ ಆ ಸಾವುಗಳಾಗ ನೂರಕ್ಕ 86 ಯಾವ ದವಾಖಾನ್ಯಾಗೂ ಆಗಿರಲಿಲ್ಲ, ನೂರಕ್ಕ 90 ಹಳ್ಳಿಯವು. ದವಾಖಾನೆ ಲೆಕ್ಕ ನಂಬಿಕೊಂಡು ಕುಂತ್ರ ಇವ್ರು ಯಾರೂ ಕಣ್ಣಿಗೇ ಬೀಳೋದಿಲ್ಲ. ನಾನು ಸ್ಲೈಡ್ ತಗೊಂಡ ಊರುಗೋಳಾಗ ಹಿಂಗ ಹೋದವ್ರು ಎಷ್ಟು ಮಂದಿ ಇದ್ರೋ, ಅವರ ಮನಿಯವರನ್ನ ಕುಂದರಿಸ್ಕೊಂಡು ಕೇಳಿದವ್ರು ಯಾರೂ ಇಲ್ಲ, ಅದು ಇವತ್ತಿಗೂ ನನ್ನ ಹೊಟ್ಟ್ಯಾಗ ಸಂಕಟ.

ಕಡೀಕ ನಮ್ಮ ಕರ್ನಾಟಕದವ್ರೇ ಮಾಡಿದ್ದು ಹೇಳ್ತೀನಿ, ಇದು ಟಿಬಿ ಇರೋ ಪ್ರತಿ ಮನಿಗೂ ತಿಳೀಬೇಕು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಡಾಕ್ಟರ್ ದಂಪತಿ ಮುಂದ ನಿಂತು ಜಾರ್ಖಂಡ್‌ನ ನಾಕು ಜಿಲ್ಲೆದಾಗ ರೇಷನ್ಸ್ ಅಂತ ಟ್ರಯಲ್ ಮಾಡಿದ್ರು, 2023ರಾಗ ಪ್ರಕಟ ಆತು. ಟಿಬಿ ಪೇಷಂಟಿಗೆ ತಿಂಗಳಿಗೆ ಹತ್ತು ಕೆಜಿ ರೇಷನ್, ಅಕ್ಕಿ ಬ್ಯಾಳಿ ಹಾಲಿನ ಪುಡಿ ಎಣ್ಣಿ, ಇದು ಎಲ್ಲಾ ಪೇಷಂಟ್‌ಗೂ ಕೊಟ್ರು. ಮನಿಮಂದಿಗೆ ಮಾತ್ರ ಚೀಟಿ ಎತ್ತಿದಂಗ ಹಂಚಿದ್ರು, ಅರ್ಧ ಕಡೆ ಮನಿಯವರಿಗೂ ತಲಾ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ಬ್ಯಾಳಿ ಪ್ರತಿ ತಿಂಗಳು, ಅರ್ಧ ಕಡೆ ಇಲ್ಲ. ಹತ್ತು ಸಾವಿರಕ್ಕೂ ಮಿಕ್ಕಿ ಮನಿಮಂದಿಯನ್ನ ಹಿಂದ ಬಿದ್ದು ನೋಡಿದ್ರ, ಊಟ ಸಿಕ್ಕ ಕಡೆ ಹೊಸದಾಗಿ ಟಿಬಿ ಬರೋದು ನೂರಕ್ಕ 39ರಷ್ಟು ಕಡಿಮಿ ಆಗಿತ್ತು, ಕಫದಾಗ ರೋಗಾಣು ಸಿಗೋ ಶ್ವಾಸಕೋಶದ ಟಿಬಿ ಅರ್ಧಕ್ಕರ್ಧ ಹತ್ರ ಕಡಿಮಿ. ಪೇಷಂಟ್‌ಗಳಾಗೂ ಮೊದಲ ಎರಡು ತಿಂಗಳದಾಗ ತೂಕ ನೂರಕ್ಕ ಐದರಷ್ಟು ಏರಿದವ್ರು ಸಾಯೋ ಸಂಭವ ಭಾಳ ಇಳದಿತ್ತು. ಹೊಟ್ಟಿ ತುಂಬಿದ್ರ ರೋಗ ಕಮ್ಮಿ ಅಂತ ನಮ್ಮ ಅವ್ವಂದಿರೂ ಹೇಳ್ತಿದ್ರು, ಆದ್ರ ಸರ್ಕಾರದ ಬಜೆಟ್‌ನ್ಯಾಗ ರೊಕ್ಕ ಇಡಸ್ಬೇಕಂದ್ರ ಎಷ್ಟು ಊಟಕ್ಕ ಎಷ್ಟು ಟಿಬಿ ತಪ್ಪಿತು ಅಂತ ಅಂಕಿ ಬೇಕು, ಅದನ್ನ ಈ ಟ್ರಯಲ್ ಕೊಡ್ತು. 2024ರ ನವೆಂಬರ್‌ನಿಂದ ಟಿಬಿ ಪೇಷಂಟಿಗೆ ಪೌಷ್ಟಿಕ ಆಹಾರಕ್ಕ ಕೊಡೋ ರೊಕ್ಕ ತಿಂಗಳಿಗೆ 500 ಇದ್ದದ್ದು 1000 ಆಗೈತಿ. ಸಂತೋಷ. ಆದ್ರ ಅದು ಪೇಷಂಟಿಗೆ ಬರೋ ರೊಕ್ಕ, ಒಂದೇ ಖೋಲ್ಯಾಗ ಮಲಗೋ ಹೆಂಡ್ತಿ ಮಕ್ಕಳ ಊಟ ಯಾರು ನೋಡಬೇಕು? ರಾಯಚೂರು, ಕೊಪ್ಪಳ, ಬಳ್ಳಾರಿದಾಗ ಟಿಬಿ ಮನಿಗೋಳಿಗೆ ಪೂರ್ತಿ ಕುಟುಂಬಕ್ಕ ಬ್ಯಾಳಿ ಅಕ್ಕಿ ಕೊಟ್ಟು ಎರಡು ವರ್ಷ ಲೆಕ್ಕ ಇಡ್ರಿ, ನಮ್ಮ ಭಾಗದ ಅಭಿವೃದ್ಧಿ ಮಂಡಳಿ ಅನುದಾನದಾಗ ಇದಕ್ಕಿಂತ ಚಲೋ ಖರ್ಚು ನನಗ ಕಾಣೋದಿಲ್ಲ.

ರಾಯಚೂರಿಗೆ ಏಮ್ಸ್ ಬೇಕು ಅಂತ ಜನ ವರ್ಷಗಟ್ಲೆ ಧರಣಿ ಕುಂತಾರ, ನಾನೂ ಹೋಗಿ ಕುಂತು ಬಂದೀನಿ, ಬರ್ಲೇಬೇಕು. ಆದ್ರ ಅದು ಬರೋತನ ಕೈಕಟ್ಟಿ ಕುಂದ್ರೋದು ಬ್ಯಾಡ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿದಾಗ ಪ್ರತಿ ಸೋಮವಾರ ಒಂದು ಪುಟ ಹೊರಗ ಬರ್ಲಿ, ತಾಲೂಕುವಾರು ಜ್ವರ ಎಷ್ಟು, ವಾಂತಿಭೇದಿ ಎಷ್ಟು, ಪರೀಕ್ಷೆ ಎಷ್ಟು, ಪಾಸಿಟಿವ್ ಎಷ್ಟು, ಹೋದ ವರ್ಷ ಇದೇ ವಾರ ಎಷ್ಟು. ಯಾರ ಹೆಸರೂ ಬ್ಯಾಡ. ಅದನ್ನ ನಿಮ್ಮ ಪೇಪರಿನ್ಯಾಗ ಪ್ಯಾಟಿ ಧಾರಣಿ ಪಕ್ಕ ಹಾಕ್ರಿ, ರೈತರು ಹತ್ತಿ, ಭತ್ತ, ತೊಗರಿ ರೇಟು ನೋಡಿದಂಗ ಇದನ್ನೂ ನೋಡ್ತಾರ. ವರದಿಗಾರರು ಅಧಿಕಾರಿಗಳ ಮುಂದ ಮೈಕ್ ಹಿಡದಾಗ ಎಷ್ಟು ಮಂದಿ ಅಂತ ಕೇಳಿದ ಕೂಡ್ಲೆ ಎಷ್ಟು ಮಂದ್ಯಾಗ ಅಂತನೂ ಕೇಳ್ಲಿ, ಎರಡು ಮೂರು ಸಲ ಕೇಳಿದ್ರ ನಾಕನೇ ಸಲ ಅವ್ರೇ ತಯಾರಾಗಿ ಬರ್ತಾರ.

ಇನ್ನ ನಮ್ಮ ಡಿಗ್ರಿ ಕಾಲೇಜುಗೋಳಾಗ ಸ್ಟ್ಯಾಟಿಸ್ಟಿಕ್ಸ್ ಓದೋ ಹುಡುಗ್ರು ಹುಡುಗ್ಯಾರು ಅದಾರ, ಶಾಣ್ಯಾರು, ಬ್ಯಾಂಕ್ ಪರೀಕ್ಷೆ, ಪಿಡಿಓ ಪರೀಕ್ಷೆ ಬರಕೋತ ಕುಂತಾರ, ಇಂಥದ್ದೊಂದು ಕೆಲಸ ಜಗತ್ತಿನ್ಯಾಗ ಐತಿ ಅಂತ ಅವರಿಗೆ ಯಾರೂ ಹೇಳಿಲ್ಲ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜ್ ಅದಾವ, ಅಲ್ಲಿ ಸಮುದಾಯ ವೈದ್ಯಶಾಸ್ತ್ರ ವಿಭಾಗ ಐತಿ. ಆ ವಿಭಾಗದವ್ರು ಒಂದೊಂದು ಡಿಗ್ರಿ ಕಾಲೇಜಿನ ಜೋಡಿ ಮಾತಾಡಿ ಕೊನೇ ವರ್ಷದ ಹುಡುಗ್ರಿಗೆ ಪ್ರಾಜೆಕ್ಟ್ ಅಂತ ಒಂದು ಹೋಬಳಿ ಸಾವಿನ ರಿಜಿಸ್ಟರ್ ಕೊಡ್ಲಿ, ಮನಿಗೆ ಹೋಗಿ ಮರ್ಯಾದಿಲೇ ಕೇಳೋದು ಹೆಂಗ, ಬರಿಯೋದು ಹೆಂಗ, ಗುಳೆ ಹೋದವರನ್ನ ಲೆಕ್ಕದಾಗ ಹಿಡಿಯೋದು ಹೆಂಗ ಅಂತ ಕಲಿಸ್ಲಿ. ಮನಿ ತೋರಿಸಾಕ, ಜನರ ಜೋಡಿ ಮಾತಾಡಿಸಾಕ ರಿಟೈರ್ ಆದ ನಮ್ಮಂಥವ್ರು ಪ್ರತಿ ತಾಲೂಕಿನ್ಯಾಗ ಅದೀವಿ, ಕರದ್ರ ನಮ್ಮ ರೊಕ್ಕದಾಗೇ ಬಸ್ ಹತ್ತಿ ಬರ್ತೀವಿ.

ಇಂತಿ ನಿಮ್ಮ ಹಳೇ ಓದುಗ,
ನಿವೃತ್ತ ಆರೋಗ್ಯ ನಿರೀಕ್ಷಕ,
ಸಿಂಧನೂರು, ರಾಯಚೂರು ಜಿಲ್ಲೆ